ಆಕರಕೋಶಗಳ ಅಲ್ಪಾವಧಿ ಶೀತಸಂಗ್ರಹಣೆ: ತಲುಪಿದಾಗಿನ ಲೆಕ್ಕವೇ ಲೆಕ್ಕ

ಶೀತಲ ಸರಪಳಿಯೆಂದೊಡನೆ ವರ್ತಕ ಬಾಂಧವರಿಗೆ ಹಾಲು, ಹಣ್ಣು, ಲಸಿಕೆಗಳು ನೆನಪಾಗುವುದು ಸಹಜ. ಅದೇ ಸರಪಳಿಯಲ್ಲಿ ಸಾಗುವ, ಆದರೆ ಕೆಟ್ಟರೆ ಸುಲಭವಾಗಿ ಬದಲಿ ಒದಗಿಸಲಾಗದ ಸರಕೊಂದಿದೆ. ಅದೇ ಸ್ಟೆಮ್ ಸೆಲ್ ಎಂದು ರೂಢಿಯಲ್ಲಿರುವ ಮಾನವ ಆಕರಕೋಶ. ಉಷ್ಣನಿರೋಧಕ ಪೆಟ್ಟಿಗೆ, ಜೆಲ್ ಪ್ಯಾಕ್, ತಾಪಮಾನ ದಾಖಲಿಸುವ ಉಪಕರಣಗಳ ತಯಾರಕರೂ ಸಾಗಣೆದಾರರೂ ಇದರ ಮೂಲತತ್ತ್ವಗಳನ್ನು ಅರಿತಿರುವುದು ಲೇಸು.

1. ಸರಕಿನ ಸ್ವರೂಪ

ರಕ್ತದ ಕ್ಯಾನ್ಸರ್, ಥಲಸ್ಸೇಮಿಯ ಮುಂತಾದ ರೋಗಗಳಲ್ಲಿ ದಾನಿಯ ಅಸ್ಥಿಮಜ್ಜೆಯಿಂದ ಅಥವಾ ರಕ್ತದಿಂದ ಪಡೆದ ಆಕರಕೋಶಗಳನ್ನು ರೋಗಿಗೆ ಕಸಿ ಮಾಡಲಾಗುತ್ತದೆ. ಭಾರತದಲ್ಲಿ ಈ ಚಿಕಿತ್ಸೆ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾಯಿತು. ದಾನಿ ಒಂದು ಊರಿನಲ್ಲಿ, ರೋಗಿ ಇನ್ನೊಂದು ದೇಶದಲ್ಲಿ ಇರುವುದುಂಟು. ಕೋಶಗಳ ಚೀಲವು ದಾರಿಯಲ್ಲಿರುವಾಗಲೇ ರೋಗಿಯ ಸ್ವಂತ ಮಜ್ಜೆಯು ಪ್ರಬಲ ಕಿಮೊಥೆರಪಿಯಿಂದ ನಾಶಗೊಂಡಿರುತ್ತದೆ. ಆದುದರಿಂದ ಇಲ್ಲಿ ಪಣವಾಗಿರುವುದು ಸರಕಿನ ಬೆಲೆಯಲ್ಲ, ಪ್ರಾಣ.

2. ಶೈತ್ಯದ ಲಾಭ ಮತ್ತು ವೆಚ್ಚ

ತಾಪಮಾನವು 10 ಡಿಗ್ರಿ ಇಳಿದಾಗ ಕೋಶದ ಚಯಾಪಚಯವು ಸುಮಾರು ಅರ್ಧ ಅಥವಾ ಮೂರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆಮ್ಲಜನಕ ಮತ್ತು ಆಹಾರದ ಬೇಡಿಕೆ ತಗ್ಗುವುದೇ ಶೈತ್ಯದ ಲಾಭ. ಈ ಕಾರಣದಿಂದ ಇವುಗಳನ್ನು ಸಾಮಾನ್ಯವಾಗಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಗಿಸಲಾಗುತ್ತದೆ.

ಆದರೆ ಶೈತ್ಯಕ್ಕೆ ತನ್ನದೇ ಆದ ವೆಚ್ಚವಿದೆ. ಕೋಶಪೊರೆಯಲ್ಲಿ ಸೋಡಿಯಂ ಹೊರಹಾಕಿ ಪೊಟ್ಯಾಸಿಯಂ ಒಳಸೇರಿಸುವ ವ್ಯವಸ್ಥೆಯು ಮಂದವಾಗಿ, ಸೋಡಿಯಂ ಮತ್ತು ನೀರು ಒಳನುಗ್ಗಿ, ಕೋಶವು ಊದಿಕೊಳ್ಳುತ್ತದೆ. ಈ ಬಾಧೆಯನ್ನು ತಡೆಯಲು ಕೋಶದ ಒಳದ್ರವವನ್ನು ಹೋಲುವ, ಅಧಿಕ ಪೊಟ್ಯಾಸಿಯಂ ಉಳ್ಳ ಸಂರಕ್ಷಕ ದ್ರಾವಣಗಳು ಬಂದಿವೆ. ಅಂಗಾಂಗಗಳಿಗಾಗಿ 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಬೆಲ್ಜರ್ ಮತ್ತು ಸೌತರ್ಡ್ ರೂಪಿಸಿದ ದ್ರಾವಣವು ಇದೇ ತತ್ತ್ವದ್ದು.

ಇನ್ನೆರಡು ಎಚ್ಚರಿಕೆಗಳು. ಚೀಲವು ಮಂಜುಗಡ್ಡೆಗೆ ನೇರವಾಗಿ ತಗುಲಬಾರದು. ರಕ್ಷಕ ರಾಸಾಯನಿಕವಿಲ್ಲದೆ ಹೆಪ್ಪುಗಟ್ಟಿದರೆ ಹಿಮದ ಹರಳುಗಳು ಕೋಶವನ್ನು ಸೀಳುತ್ತವೆ. ಚೀಲದಲ್ಲಿ ಕೋಶಗಳು ಅತಿದಟ್ಟವಾಗಿಯೂ ಇರಬಾರದು. ದಟ್ಟಣೆಯಲ್ಲಿ ಆಹಾರ ಬೇಗ ತೀರಿ ಆಮ್ಲತೆ ಹೆಚ್ಚುವುದರಿಂದ ಪ್ಲಾಸ್ಮಾ ಬೆರೆಸಿ ತೆಳುಗೊಳಿಸಲಾಗುತ್ತದೆ.

3. ಲೆಕ್ಕದ ಉದಾಹರಣೆ

ಹೆಪ್ಪುಗಟ್ಟಿಸದ ಕೋಶಗಳನ್ನು 72 ಗಂಟೆಗಳೊಳಗೆ ರೋಗಿಗೆ ನೀಡುವುದು ರೂಢಿ. ರೋಗಿಯ ತೂಕದ ಪ್ರತಿ ಕಿಲೋಗ್ರಾಂಗೆ ಕನಿಷ್ಠ 20 ಲಕ್ಷ ಆಕರಕೋಶಗಳು ಬೇಕೆಂಬುದು ಸಾಮಾನ್ಯ ಮಾನದಂಡ. ರೋಗಿಯ ತೂಕ 60 ಕಿಲೋಗ್ರಾಂ ಎಂದು ಭಾವಿಸೋಣ. ಆಗ ಕನಿಷ್ಠ ಅಗತ್ಯ 12 ಕೋಟಿ. ಕೆಳಗಿನ ಅಂಕಿಗಳು ಕೇವಲ ವಿವರಣೆಗಾಗಿ:

ರವಾನೆಯಾಗುವಾಗ: 30 ಕೋಟಿ ಕೋಶಗಳಲ್ಲಿ ಶೇ. 95 ಜೀವಂತ, ಅಂದರೆ 28.5 ಕೋಟಿ, ಕಿಲೋಗ್ರಾಂಗೆ 47.5 ಲಕ್ಷ.
ಸಮರ್ಪಕವಾಗಿ ತಲುಪಿದಾಗ: 27 ಕೋಟಿಯಲ್ಲಿ ಶೇ. 80 ಜೀವಂತ, ಅಂದರೆ 21.6 ಕೋಟಿ, ಕಿಲೋಗ್ರಾಂಗೆ 36 ಲಕ್ಷ.
ದಾರಿಯಲ್ಲಿ ಬಿಸಿಯೇರಿದ್ದರೆ: 25 ಕೋಟಿಯಲ್ಲಿ ಶೇ. 40 ಜೀವಂತ, ಅಂದರೆ 10 ಕೋಟಿ, ಕಿಲೋಗ್ರಾಂಗೆ 16.7 ಲಕ್ಷ.

ಮೂರನೆಯ ಸಾಲಿನಲ್ಲಿ ಚೀಲ ತುಂಬಿದಂತೆಯೇ ಕಾಣುತ್ತದೆ; ಚಿಕಿತ್ಸೆಗೆ ಮಾತ್ರ ಸಾಲದು. ದಾಸ್ತಾನನ್ನು ಖರೀದಿ ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಕಡಿಮೆ ಇರುವುದರಲ್ಲಿ ತೋರಿಸಬೇಕೆಂಬ ಲೆಕ್ಕಪತ್ರ ಮಾನದಂಡವನ್ನು ಬಲ್ಲ ನಮಗೆ ಇದು ಹೊಸತಲ್ಲ. ಇಷ್ಟಾಗಿಯೂ ತಲುಪಿದಾಗ ಜೀವಂತವೆಂದು ಎಣಿಸಲ್ಪಟ್ಟ ಕೆಲವು ಕೋಶಗಳು, ಶೈತ್ಯದ ಆಘಾತದಿಂದಾಗಿ, ಬೆಚ್ಚಗಾದ ಮೇಲೆ ಸಾಯುವುದುಂಟು. ಕೋಶಗಳು ನಿಜವಾಗಿ ವೃದ್ಧಿಸುತ್ತವೆಯೇ ಎಂಬ ಪರೀಕ್ಷೆಗೆ ಸುಮಾರು ಎರಡು ವಾರ ಬೇಕು. ಅಷ್ಟರಲ್ಲಿ ಕಸಿ ಮುಗಿದಿರುತ್ತದೆ. ಆದಕಾರಣ ಸಾಗಣೆಯ ಶಿಸ್ತೇ ನಿಜವಾದ ಭದ್ರತೆ.

4. ಕರಾರು ಮತ್ತು ವಿಮೆ

ಸರಕು ಸಾಗಣೆ ವಿಮೆಯಲ್ಲಿ ಬಹುವಾಗಿ ಬಳಕೆಯಲ್ಲಿರುವ ಇನ್‌ಸ್ಟಿಟ್ಯೂಟ್ ಕಾರ್ಗೋ ಕ್ಲಾಸಸ್‌ನ ವಿಶಾಲವಾದ 'ಎ' ವರ್ಗವೂ ವಿಳಂಬದಿಂದಾದ ನಷ್ಟವನ್ನು ಹಾಗೂ ಸರಕಿನ ಸಹಜ ಗುಣದಿಂದಾದ ನಷ್ಟವನ್ನು ಹೊರಗಿಡುತ್ತದೆ. ಆಕರಕೋಶಗಳಿಗೆ ಒದಗುವ ಮುಖ್ಯ ಅಪಾಯಗಳು ಇವೇ. ಆದ್ದರಿಂದ ಪಾಲಿಸಿಯನ್ನು ಓದಿ, ಅಗತ್ಯವಾದ ಹೆಚ್ಚುವರಿ ರಕ್ಷಣೆಯ ಬಗ್ಗೆ ಲಿಖಿತವಾಗಿ ಕೇಳತಕ್ಕದ್ದು. ಸಂಗ್ರಹಣೆಯ ವೇಳೆ, ಹಸ್ತಾಂತರದ ವೇಳೆ, ನಿರಂತರ ತಾಪಮಾನ ದಾಖಲೆ, ತಲುಪಿದಾಗ ಎಣಿಕೆ ಮಾಡುವವರು ಯಾರು ಎಂಬ ನಾಲ್ಕು ಅಂಶಗಳು ಕರಾರಿನಲ್ಲಿ ಸ್ಪಷ್ಟವಾಗಿರಲಿ.

2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ವಿಮಾನ ಸಂಚಾರ ಅಸ್ತವ್ಯಸ್ತವಾದಾಗ, ಅಮೆರಿಕದ ರಾಷ್ಟ್ರೀಯ ಮಜ್ಜೆ ದಾನಿ ಕಾರ್ಯಕ್ರಮವು ಕೋಶಗಳು ತಲುಪಿ ಹೆಪ್ಪುಗಟ್ಟಿಸಲ್ಪಟ್ಟ ಬಳಿಕವೇ ರೋಗಿಯ ಮಜ್ಜೆನಾಶಕ ಚಿಕಿತ್ಸೆ ಆರಂಭವಾಗಬೇಕೆಂಬ ಕ್ರಮವನ್ನು ತಂದಿತು. ಸರಕು ಕೈಸೇರುವ ಮುನ್ನ ಹಳೆಯ ದಾಸ್ತಾನನ್ನು ಖಾಲಿ ಮಾಡಬಾರದೆಂಬ ವ್ಯಾಪಾರದ ವಿವೇಕವೇ ಇದು. ಈ ಕ್ಷೇತ್ರಕ್ಕೆ ಇಳಿಯಬಯಸುವ ಸದಸ್ಯರು ಪೆಟ್ಟಿಗೆಯ ದರಪಟ್ಟಿಗಿಂತ ಮೊದಲು 72 ಗಂಟೆಗಳ ತಾಪಮಾನ ಪರೀಕ್ಷೆಯ ದಾಖಲೆಯನ್ನು ಸಿದ್ಧಪಡಿಸಿಕೊಳ್ಳುವುದು ಒಳಿತು.