ಉಪವಾಸ, ಪಿತ್ತಾಶ್ಮರಿ ಮತ್ತು ಒಂದು ಔಷಧ

ಷೋಡಶಕಾರಣ ಭಾವನೆಗಳಲ್ಲಿ ‘ಶಕ್ತಿತಸ್ತಪ’ ಎಂಬುದೊಂದು. ತಪಸ್ಸು ಶಕ್ತಿಗೆ ಅನುಗುಣವಾಗಿರಬೇಕೆಂಬುದು ಅದರ ತಾತ್ಪರ್ಯ. ಈ ಶಕ್ತಿಯನ್ನು ಅಳೆಯುವಾಗ ಶ್ರಾವಕ-ಶ್ರಾವಿಕೆಯರು ಹಸಿವನ್ನೂ ಬಳಲಿಕೆಯನ್ನೂ ಗಮನಿಸುವರು. ಪಿತ್ತಕೋಶವನ್ನು ನೆನೆಯುವವರು ವಿರಳ.

ಯಕೃತ್ತಿನಲ್ಲಿ ಹುಟ್ಟಿದ ಪಿತ್ತರಸವು ಪಿತ್ತಕೋಶದಲ್ಲಿ ಶೇಖರವಾಗಿ ಗಟ್ಟಿಯಾಗುತ್ತದೆ. ಆಹಾರದ ಜಿಡ್ಡು ಕರುಳನ್ನು ಸೇರಿದಾಗ ಕೋಶವು ಸಂಕುಚಿಸಿ ಅದನ್ನು ಹೊರದೂಡುವುದು. ಹಲವು ದಿನಗಳ ಅನಶನದಲ್ಲಿ ಈ ಸಂಕೋಚನ ಕುಂದುವುದರಿಂದ ರಸವು ನಿಂತಲ್ಲೇ ನಿಂತು, ಅದರೊಳಗಿನ ಕೊಲೆಸ್ಟೆರಾಲ್ ಹರಳುಗಟ್ಟಲು ಆಸ್ಪದವಾಗುತ್ತದೆ. ಶರೀರದ ತೂಕ ವೇಗವಾಗಿ ಇಳಿದಾಗಲೂ ಹೀಗಾಗುವುದುಂಟು. ಒಂದು ದಿನದ ಉಪವಾಸಕ್ಕೆ ಇಷ್ಟು ಭಯ ಸಲ್ಲದು. ಕಲ್ಲು ಇದೆಯೆಂದು ಈಗಾಗಲೇ ತಿಳಿದವರು ಮಾತ್ರ ದಶಲಕ್ಷಣ ಪರ್ವದ ಹತ್ತೂ ದಿನಗಳ ಉಪವಾಸವನ್ನು ಸಂಕಲ್ಪಿಸುವ ಮುನ್ನ ವೈದ್ಯರನ್ನು ಕಾಣುವುದು ಯುಕ್ತ. ಪಾರಣೆಯಲ್ಲಿ ತುಪ್ಪದ ಭಕ್ಷ್ಯಗಳನ್ನು ಒಮ್ಮೆಲೇ ಸೇವಿಸಿದರೆ ಅಂಥವರಿಗೆ ಬಲಪಕ್ಕೆಯ ಕೆಳಗೆ ತೀವ್ರ ನೋವು ಬರಬಹುದು.

ಇಂಥ ಕಲ್ಲುಗಳಿಗೆ ವೈದ್ಯರು ಕೆಲವೊಮ್ಮೆ ಕೊಡುವ ಔಷಧವೇ ಅರ್ಸೋಡಿಆಕ್ಸಿಕೋಲಿಕ್ ಆಮ್ಲ. ಇದು ಮನುಷ್ಯನ ಪಿತ್ತದಲ್ಲಿಯೂ ಅಲ್ಪಾಂಶವಾಗಿ ಇರುವ ಪಿತ್ತಾಮ್ಲ. ಕೊಲೆಸ್ಟೆರಾಲಿನ ಸಣ್ಣ ಕಲ್ಲುಗಳನ್ನು ಮಾತ್ರ, ಅದೂ ಆರು ತಿಂಗಳಿಂದ ಎರಡು ವರ್ಷ ಸೇವಿಸಿದಲ್ಲಿ, ಇದು ಕರಗಿಸಬಲ್ಲದು. ಸುಣ್ಣಗಟ್ಟಿದ ಕಲ್ಲು ಕರಗದು. ಕರಗಿದ್ದೂ ಅನೇಕರಲ್ಲಿ ಮರಳಿ ಬರುವುದು. ಯಕೃತ್ತಿನ ಸೂಕ್ಷ್ಮ ಪಿತ್ತನಾಳಗಳನ್ನು ನಿಧಾನವಾಗಿ ಕೆಡಿಸುವ ಪ್ರೈಮರಿ ಬಿಲಿಯರಿ ಕೋಲಾಂಜೈಟಿಸ್ ಎಂಬ ರೋಗಕ್ಕಾದರೋ ಇದೇ ಮೊದಲ ಮದ್ದು. ಅದನ್ನು ಸಾಮಾನ್ಯವಾಗಿ ಜೀವನಪರ್ಯಂತ ಸೇವಿಸಬೇಕಾಗುತ್ತದೆ.

ಅಹಿಂಸಾ ಅಣುವ್ರತಿಗಳ ಮನಸ್ಸನ್ನು ಕಲಕುವ ಸಂಗತಿ ಇನ್ನೊಂದಿದೆ. ‘ಅರ್ಸಸ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕರಡಿ. 1927ರಲ್ಲಿ ಜಪಾನಿನ ಶೋಡಾ ಎಂಬ ವಿಜ್ಞಾನಿ ಕರಡಿಯ ಪಿತ್ತದಿಂದ ಇದನ್ನು ಬೇರ್ಪಡಿಸಿ ಹೆಸರಿಟ್ಟನು. ಇಂದಿನ ಮಾತ್ರೆ ಕರಡಿಯದಲ್ಲ. ಆದರೆ ಅಷ್ಟರಿಂದಲೇ ಸಮಾಧಾನ ತಾಳುವಂತಿಲ್ಲ: ಬಹುಪಾಲು ತಯಾರಿಕೆಗೆ ಮೂಲವಸ್ತು ಕಸಾಯಿಖಾನೆಗಳಿಂದ ಬರುವ ದನದ ಪಿತ್ತವೇ. ಸಸ್ಯಮೂಲದಿಂದ ತಯಾರಿಸುವ ವಿಧಾನಗಳೂ ರೂಪುಗೊಂಡಿವೆ. ಪೊಟ್ಟಣದ ಮೇಲಿನ ಬರಹದಿಂದ ಮೂಲ ತಿಳಿಯದಿದ್ದರೆ ತಯಾರಕರಿಗೆ ಪತ್ರ ಬರೆದು ವಿಚಾರಿಸಬಹುದು. ಕ್ಯಾಪ್ಸೂಲಿನ ಹೊರಕವಚ ಹೆಚ್ಚಾಗಿ ಪ್ರಾಣಿಜನ್ಯ ಜೆಲಟಿನ್ ಎಂಬುದೂ ನೆನಪಿರಲಿ.

ಕೇವಲ ಹೆಸರು ಕೇಳಿ ಔಷಧವನ್ನು ತಾವಾಗಿ ನಿಲ್ಲಿಸುವುದು ತರವಲ್ಲ. ನೋವು ಕೊಡುವ ಪಿತ್ತಾಶ್ಮರಿಗೆ ಪಿತ್ತಕೋಶವನ್ನು ತೆಗೆಯುವ ಶಸ್ತ್ರಕ್ರಿಯೆಯ ದಾರಿ ಉಂಟು. ಮೇಲೆ ಹೇಳಿದ ಯಕೃತ್ತಿನ ರೋಗದಲ್ಲಿ ಮದ್ದು ನಿಂತರೆ ಹಾನಿ ಸದ್ದಿಲ್ಲದೆ ಮುಂದುವರಿಯುವುದು. ಇಂಥವರು ತಮ್ಮ ಸಂಕಟವನ್ನು ವೈದ್ಯರಲ್ಲಿ ಮುಚ್ಚಿಡದೆ ಹೇಳಬೇಕು. ಜ್ವರ ಅಥವಾ ಕಾಮಾಲೆ ಕಂಡರೆ ವ್ರತಸಮಾಪ್ತಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ರಾತ್ರಿ ಮಲಗುವಾಗ ಸೇವಿಸುವಂತೆ ಚೀಟಿಯಲ್ಲಿ ಬರೆದಿದ್ದರೆ, ರಾತ್ರಿಭೋಜನ ತ್ಯಾಗವುಳ್ಳವರು ಅದನ್ನು ತಿಳಿಸಿ ಹಗಲಿನ ಊಟದೊಡನೆ ತೆಗೆದುಕೊಳ್ಳಬಹುದೇ ಎಂದು ಕೇಳಲಿ. ಆಹಾರದೊಡನೆ ಸೇವಿಸುವ ಮದ್ದಾದ್ದರಿಂದ ಬಹುಮಟ್ಟಿಗೆ ಅದಕ್ಕೆ ಅವಕಾಶವಿರುತ್ತದೆ.