ಕೈಯಲ್ಲಿ ಸ್ವಲ್ಪ ರೊಕ್ಕ: ಯಾವ ಜೋಡಧಂದೆ ಹಿಡಿಯಬೇಕು?



ಗಳಿತ ಹಂಗಾಮು ಮುಗಿದು ಕಬ್ಬಿನ ಬಿಲ್ಲು ಕೈಗೆ ಬಂದ ಮೇಲೆ ಅನೇಕ ಮನೆಗಳಲ್ಲಿ ಒಂದೇ ಮಾತು ನಡೆಯುತ್ತದೆ. ಓದು ಮುಗಿಸಿ ಮನೆಯಲ್ಲಿ ಕುಳಿತ ಮಗನಿಗೆ ಏನಾದರೊಂದು ಹಚ್ಚಿಕೊಡಬೇಕು; ಅಂಗಡಿ ಇಡಲೋ, ಎಮ್ಮೆ ಕಟ್ಟಲೋ, ಗಿರಣಿ ಹಾಕಲೋ? ಇಂಥ ಸಮಯದಲ್ಲಿ "ಯಾವುದರಲ್ಲಿ ಲಾಭ ಹೆಚ್ಚು?" ಎಂದು ಕೇಳುವುದು ರೂಢಿ. ಬಂಡವಾಳ ಕಡಿಮೆ ಇದ್ದವನು, ಅನುಭವವಿಲ್ಲದವನು ಮೊದಲು ಕೇಳಬೇಕಾದದ್ದು ಬೇರೆ: ರೊಕ್ಕ ಎಂದು ಬರುತ್ತದೆ? ಯಾರ ಕೈಯಿಂದ ಬರುತ್ತದೆ?

ನಮ್ಮ ಬೆಳೆಯ ಸ್ವಭಾವವನ್ನೇ ನೋಡಿರಿ. ಸುರು ಕಬ್ಬಿಗೆ ಒಂದು ವರ್ಷ, ಅಡಸಾಲಿಗೆ 16ರಿಂದ 18 ತಿಂಗಳು ಬೇಕು. ಅಷ್ಟು ದಿನ ಗೊಬ್ಬರ, ಕೂಲಿ, ಶಾಲೆಯ ಫೀ, ದವಾಖಾನೆ ಎಲ್ಲವೂ ನಡೆಯುತ್ತಲೇ ಇರುತ್ತವೆ. ಬಿಲ್ಲು ಮಾತ್ರ ಒಮ್ಮೆ ಬರುತ್ತದೆ, ಅದರಲ್ಲೂ ಸೊಸೈಟಿಯ ಸಾಲ ಕಡಿತವಾಗಿ ಬರುತ್ತದೆ. ಆದ್ದರಿಂದ ಕಬ್ಬಿನ ರೈತನಿಗೆ ಬೇಕಾದ ಉಪಕಸುಬು ಎಂದರೆ ವಾರಕ್ಕೊಮ್ಮೆಯಾದರೂ ಸ್ವಲ್ಪ ನಗದು ತರುವಂಥದು. ವರ್ಷಕ್ಕೊಮ್ಮೆ ದೊಡ್ಡ ಮೊತ್ತ ತರುವ ಕೆಲಸ ನಮ್ಮಲ್ಲಿ ಈಗಾಗಲೇ ಒಂದಿದೆ.

ಹೈನುಗಾರಿಕೆ ಈ ಅಳತೆಗೆ ಸರಿ ಹೊಂದುತ್ತದೆ. ಡೇರಿಯ ಬಿಲ್ಲು ನಮ್ಮ ಕಡೆ ಸಾಮಾನ್ಯವಾಗಿ ಹತ್ತು ದಿನಕ್ಕೊಮ್ಮೆ ಆಗುತ್ತದೆ. ಪಂಢರಪುರಿ ಎಮ್ಮೆ ಈ ಭಾಗದ ಬಿಸಿಲಿಗೆ ಒಗ್ಗಿದ ತಳಿ. ಆದರೆ ಎರಡು ಎಮ್ಮೆ ತರುವ ವಿಚಾರವಿದ್ದರೆ ಎರಡನ್ನೂ ಒಂದೇ ಸಂತೆಯಲ್ಲಿ ತರಬೇಡಿರಿ. ಎರಡೂ ಒಂದೇ ಕಾಲಕ್ಕೆ ಈದಿದ್ದರೆ ಎರಡೂ ಒಂದೇ ಕಾಲಕ್ಕೆ ಬತ್ತುತ್ತವೆ. ಆಗ ನಾಲ್ಕಾರು ತಿಂಗಳು ಹೊಟ್ಟೆಗೆ ಹಾಕುವುದಷ್ಟೇ ಉಳಿಯುತ್ತದೆ. ಮೊದಲನೆಯದನ್ನು ಕಟ್ಟಿ, ಐದಾರು ತಿಂಗಳ ನಂತರ ಎರಡನೆಯದನ್ನು ತರುವುದು ಲೇಸು. ಅಷ್ಟರಲ್ಲಿ ಹಾಲು ಕರೆಯುವ, ರೋಗ ಗುರುತಿಸುವ ತಿಳುವಳಿಕೆಯೂ ಬಂದಿರುತ್ತದೆ. ಕಬ್ಬಿನ ವಾಡೆ ಪುಕ್ಕಟೆ ಸಿಗುತ್ತದೆಂದು ಅದನ್ನೇ ಮೇಯಿಸುತ್ತ ಹೋಗುವುದು ಸರಿಯಲ್ಲ. ವಾಡೆಯಲ್ಲಿನ ಆಕ್ಸಲೇಟ್ ಎಂಬ ಅಂಶ ದನದ ಮೈಯ ಸುಣ್ಣವನ್ನು ಹಿಡಿದುಬಿಡುತ್ತದೆ. ಒಣ ಮೇವು ಬೆರೆಸಿ, ಖನಿಜ ಮಿಶ್ರಣ ತಪ್ಪದೆ ಕೊಡತಕ್ಕದ್ದು.

ಆಡು ಸಾಕಣೆಯನ್ನು ಹೈನಿನ ಜೊತೆ ಒಂದೇ ಸಾಲಿನಲ್ಲಿ ಇಡಲಾಗದು. ಉಸ್ಮಾನಾಬಾದಿ ಆಡು ಅವಳಿ ಮರಿ ಹಾಕುವುದಕ್ಕೆ ಹೆಸರಾದದ್ದು ನಿಜ. ಆದರೆ ಐದು ತಿಂಗಳು ಗಬ್ಬ, ಮರಿ ಮಾರಾಟಕ್ಕೆ ಬರಲು ಮತ್ತೆ ಆರೆಂಟು ತಿಂಗಳು. ಅದು ಸಂತೆ ಖರ್ಚಿನ ಚೀಲವಲ್ಲ, ಉಳಿತಾಯದ ಪೆಟ್ಟಿಗೆ. ಜತ್ತ ತಾಲೂಕಿನ ಮಾಡಗ್ಯಾಳ ಕುರಿಯ ಟಗರು ಜಾತ್ರೆಯಲ್ಲಿ ಲಕ್ಷಗಟ್ಟಲೆ ಬೆಲೆಗೆ ಹೋದ ಸುದ್ದಿ ಕೇಳಿ ಕುರಿ ಕೊಳ್ಳಲು ಹೊರಡುವವರಿದ್ದಾರೆ. ಆ ಬೆಲೆ ಆ ಒಂದು ಟಗರಿನದು, ಹಿಂಡಿನದಲ್ಲ.

ಇನ್ನು ಕಬ್ಬಿನ ಸಸಿ ನರ್ಸರಿ. ನಮ್ಮ ಯುವಕರಿಗೆ ಇದು ಬಹಳ ರುಚಿಸುತ್ತದೆ, ಕಬ್ಬು ಗೊತ್ತಿರುವುದರಿಂದ ಅರ್ಧ ಅನುಭವ ಆಗಲೇ ಕೈಯಲ್ಲಿರುತ್ತದೆ. ಇದನ್ನು ಲೆಕ್ಕ ಹಾಕಿ ನೋಡೋಣ. ಸಾಲಿನಿಂದ ಸಾಲಿಗೆ ನಾಲ್ಕೂವರೆ ಅಡಿ, ಸಸಿಯಿಂದ ಸಸಿಗೆ ಎರಡು ಅಡಿ ಇಟ್ಟರೆ ಎಕರೆಗೆ 4,840 ಸಸಿ ಹಿಡಿಯುತ್ತವೆ. ಎರಡು ಎಕರೆಯ ಗಿರಾಕಿಗಾಗಿ 10,000 ಸಸಿ ಬೇಕೆನ್ನಿ. ನೂರಕ್ಕೆ 85 ಕಣ್ಣು ಮೊಳೆತರೆ ಸುಮಾರು 12,000 ಕಣ್ಣು ಕತ್ತರಿಸಬೇಕು. 50 ಗುಳಿಯ ಟ್ರೇ ಆದರೆ 240 ಟ್ರೇ. ಟ್ರೇ ಮತ್ತು ನೆರಳು ಬಲೆಯನ್ನು ಬಿಟ್ಟು, ಬೀಜದ ಕಬ್ಬು, ತೆಂಗಿನ ನಾರಿನ ಪುಡಿ, ಔಷಧಿ, ಕೂಲಿ ಸೇರಿ 16,000 ರೂಪಾಯಿ ಖರ್ಚು, ಸಸಿಗೆ ಎರಡೂವರೆ ರೂಪಾಯಿ ದರ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ತಮ್ಮ ಊರಿನ ದರ ಹಾಕಿಕೊಂಡು ತಾವೇ ತಿದ್ದಿಕೊಳ್ಳಬಹುದು. ಹತ್ತು ಸಾವಿರವೂ ಮಾರಿದರೆ 25,000 ಬಂತು, 9,000 ಉಳಿಯಿತು. ಏಳು ಸಾವಿರ ಮಾತ್ರ ಮಾರಿದರೆ ಉಳಿಯುವುದು 1,500. ಮೊದಲ 6,400 ಸಸಿ ಖರ್ಚನ್ನು ತೀರಿಸುತ್ತವೆ. ಲಾಭವೆಲ್ಲ ಕೊನೆಯ 3,600 ಸಸಿಯಲ್ಲಿದೆ. ಆ ಕೊನೆಯ ಸಸಿಗಳೇ ಉಳಿಯುವಂಥವು. ಸಸಿ 25–30 ದಿನಕ್ಕೆ ನಾಟಿಗೆ ಬರುತ್ತದೆ. ಅದರ ಮೇಲೆ ಎರಡು ವಾರ ಟ್ರೇಯಲ್ಲಿ ನಿಂತರೆ ಬೇರು ಸುತ್ತಿಕೊಂಡು ಸೊರಗುತ್ತದೆ, ಯಾರೂ ಒಯ್ಯುವುದಿಲ್ಲ.

ಆದಕಾರಣ ಕಣ್ಣು ಕತ್ತರಿಸುವ ಮೊದಲೇ ಗಿರಾಕಿಯ ಹೆಸರು, ಎಕರೆ, ತಳಿ, ನಾಟಿಯ ವಾರ ಬರೆದುಕೊಂಡು ಮುಂಗಡ ಪಡೆಯಬೇಕು. ಮುಂಗಡ ಕೊಡದವನು ಗಿರಾಕಿಯಲ್ಲ, ಹಿತೈಷಿ. ಬೀಜದ ಕಬ್ಬು 9–10 ತಿಂಗಳದ್ದಾಗಿರಲಿ, ಕುಳೆಯದ್ದು ಬೇಡ. ಕೋ 86032 ಬೇಕೆಂದವನಿಗೆ ಕೋಎಮ್ 0265 ಕೊಟ್ಟು ಸಾಗಹಾಕಿದರೆ ಮರುವರ್ಷ ಆ ಊರಿನ ದಾರಿಯೇ ಮುಚ್ಚುತ್ತದೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಈ ಕಸುಬಿನಲ್ಲಿ ಒಂದು ಗಂಟು ಇದೆ. ಸಸಿ ಒಯ್ಯುವವನೂ ಕಬ್ಬಿನ ರೈತನೇ. ನಮ್ಮಲ್ಲಿ ರೊಕ್ಕವಿಲ್ಲದ ದಿನವೇ ಅವನಲ್ಲೂ ಇರುವುದಿಲ್ಲ. "ಬಿಲ್ಲು ಬಂದ ಮೇಲೆ ಕೊಡುತ್ತೇನೆ" ಎಂದು ಒಯ್ದರೆ ಅದು ವರ್ಷದ ಉದ್ರಿ. ಆತ ಸೋದರಮಾವನೋ ಬೀಗನೋ ಆಗಿದ್ದರೆ ಕೇಳುವುದೂ ಕಷ್ಟ. ಊರ ಕಿರಾಣಿ ಅಂಗಡಿಗಳು ಬೀಳುವುದೂ ಹೆಚ್ಚಾಗಿ ಇದೇ ಕಾರಣಕ್ಕೆ: ಮಾಲು ಖಾಲಿಯಾಗಿರುತ್ತದೆ, ಗಲ್ಲೆಯೂ ಖಾಲಿಯಾಗಿರುತ್ತದೆ, ತುಂಬಿರುವುದು ಉದ್ರಿ ವಹಿ ಮಾತ್ರ. ಹೀಗಾಗಿ, ಸಾಧ್ಯವಿದ್ದಷ್ಟು ಮಟ್ಟಿಗೆ, ಕಬ್ಬಿನ ಬಿಲ್ಲಿಗಾಗಿ ಕಾಯದ ಗಿರಾಕಿಯನ್ನು ಹುಡುಕಿರಿ.

ಅಂಥ ಗಿರಾಕಿಗಳು ನಮಗೆ ದೂರವಿಲ್ಲ. ಅಕ್ಕಲಕೋಟೆಗೆ ಸ್ವಾಮಿ ಸಮರ್ಥರ ದರ್ಶನಕ್ಕೆ ಗುರುವಾರ, ಹುಣ್ಣಿಮೆಗೆ ಜನ ತುಂಬುತ್ತಾರೆ. ಸೊಲ್ಲಾಪುರದ ಪೇಟೆ ಇದೆ. ಸೊಲ್ಲಾಪುರದ ಶೇಂಗಾ ಚಟ್ನಿ, ಖಡಕ್ ರೊಟ್ಟಿ ಪುಣೆ, ಮುಂಬಯಿಯವರೆಗೂ ಹೋಗುತ್ತವೆ. ಮಾಲದಂಡಿ ಜೋಳ ನಮ್ಮ ನೆಲದ್ದು, ರೊಟ್ಟಿ ಬಡಿಯುವ ಕೈ ನಮ್ಮ ಮನೆಯದು. ಇಲ್ಲಿ ಅನುಭವವಿರುವುದು ಮಗನಿಗಲ್ಲ, ತಾಯಿಗೆ ಮತ್ತು ಸೊಸೆಗೆ. ಆದ್ದರಿಂದ ಯಜಮಾನಿಕೆಯೂ ರೊಕ್ಕದ ಚೀಲವೂ ಅವರ ಕೈಯಲ್ಲಿರುವುದು ನ್ಯಾಯ. ಮಗ ಮಾರಾಟ ನೋಡಿಕೊಳ್ಳಲಿ. ಇದ್ದ ಒಲೆಯ ಮೇಲೆಯೇ ನಾಲ್ಕು ಗುರುವಾರ ಐವತ್ತೈವತ್ತು ರೊಟ್ಟಿ ಮಾಡಿ ಒಯ್ದು ನೋಡಬಹುದು. ಎಷ್ಟು ಮಾರಿದವು, ಎಷ್ಟು ಮುರಿದವು, ಯಾರು ಮತ್ತೆ ಬಂದು ಕೇಳಿದರು ಎಂಬುದನ್ನು ಬರೆದಿಡಿರಿ. ರೊಟ್ಟಿ ಯಂತ್ರದ ಮಾತು ಆಮೇಲೆ, ಕೈಗಳು ಸಾಲದಾದಾಗ. ಮನೆಯಲ್ಲಿ ಮಾಡಿ ಮಾರಿದರೂ ಆಹಾರ ಸುರಕ್ಷತೆಯ ನೋಂದಣಿ ಬೇಕು. ಬೂಷ್ಟು ಹಿಡಿದ ಶೇಂಗಾ ಒಂದು ಹಿಡಿ ಇದ್ದರೂ ಆರಿಸಿ ಚೆಲ್ಲತಕ್ಕದ್ದು, ಅದರಲ್ಲಿ ವಿಷವಿರುತ್ತದೆ. ಹೆಣ್ಣುಮಕ್ಕಳ ದುಡಿಮೆಗೆ ದಿನದ ಕೂಲಿ ಹಿಡಿದೇ ಲೆಕ್ಕ ಮಾಡಿರಿ. ಆ ಕೂಲಿ ಕಳೆದು ಏನೂ ಉಳಿಯದಿದ್ದರೆ ಅದನ್ನು ಲಾಭವೆಂದು ಕರೆಯಲಾಗದು.

ಬಂಡವಾಳ ಹಾಕುವಾಗ ಇನ್ನೊಂದು ಸಂಗತಿ. ಎಮ್ಮೆಗೆ ಹಾಕಿದ ರೊಕ್ಕ ಕೆಲಸ ಕೂಡದಿದ್ದರೆ ಬಹುಪಾಲು ತಿರುಗಿ ಬರುತ್ತದೆ, ಹಿಟ್ಟಿನ ಗಿರಣಿಯನ್ನೂ ಮಾರಬಹುದು. ಪೇಟೆಯ ಅಂಗಡಿಗೆ ಹಾಕಿದ ಕಪಾಟು, ಗಾಜು, ಫಲಕ, ಬಣ್ಣ ಇವುಗಳಿಂದ ಏನೂ ಬರುವುದಿಲ್ಲ. ಅನುಭವವಿಲ್ಲದವನು ಎರಡನೆಯ ಬಗೆಯ ಖರ್ಚಿನಿಂದ ದೂರವಿರುವುದು ಒಳ್ಳೆಯದು.

ಹಾಗೆಯೇ, ಮಾಲು ಕೊಟ್ಟವನೇ ಮರಳಿ ಕೊಳ್ಳುತ್ತೇನೆ ಎಂದು ಕಾಗದ ಬರೆದುಕೊಡುವ ಧಂದೆಗಳನ್ನು ಎರಡು ಸಲ ನೋಡಿರಿ. 2012ರಲ್ಲಿ ತಮಿಳುನಾಡಿನ ಈರೋಡ ಕಡೆ ಈಮು ಹಕ್ಕಿಯ ಹೆಸರಿನಲ್ಲಿ, 2019ರಲ್ಲಿ ನಮ್ಮದೇ ಸಾಂಗ್ಲಿ ಜಿಲ್ಲೆಯಲ್ಲಿ ಕಡಕನಾಥ ಕೋಳಿಯ ಹೆಸರಿನಲ್ಲಿ ಇದೇ ನಡೆಯಿತು. ಕೋಳಿ ಕೆಟ್ಟದ್ದಲ್ಲ, ಝಾಬುವಾದ ಒಳ್ಳೆಯ ತಳಿ. ಆದರೆ ಮರಿ ಮಾರಿದವನೇ ತತ್ತಿ ಕೊಳ್ಳುವವನಾಗಿದ್ದ. ಅವನು ಬಾಗಿಲು ಮುಚ್ಚಿದ ದಿನ ಆ ದರಕ್ಕೆ ಕೊಳ್ಳುವವರು ಯಾರೂ ಇರಲಿಲ್ಲ. ನಮ್ಮ ಊರ ಸಂತೆಯಲ್ಲಿ ಈ ಮಾಲಿಗೆ ಇಂದು ಏನು ದರ ಎಂದು ಕೇಳಿ ಬಂದರೆ ಅರ್ಧ ಪರೀಕ್ಷೆ ಆದಂತೆ.

ಸಾಲ ಬೇಕಾದರೆ ಹೊಲ ಒತ್ತೆ ಇಡುವ ಅವಶ್ಯಕತೆ ಇಲ್ಲ. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ ಒತ್ತೆಯಿಲ್ಲದೆ ಸಾಲ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಬಚತ ಗಟದ ದಾರಿಯೂ ಇದೆ. ಸ್ವಂತ ರೊಕ್ಕವಾದರೆ, ಮೊದಲು ಮುಂದಿನ ಕಬ್ಬಿನ ಗೊಬ್ಬರ, ಕೂಲಿಯ ಪಾಲನ್ನೂ ವರ್ಷದ ಕಾಳುಕಡಿಯನ್ನೂ ಬೇರೆ ಎತ್ತಿಟ್ಟು, ಉಳಿದದ್ದರಲ್ಲಿ ಅರ್ಧ ಮಾತ್ರ ಧಂದೆಗೆ ಹಾಕಿರಿ. ಉಳಿದರ್ಧ ಎಮ್ಮೆ ಬತ್ತಿದಾಗ, ಸಸಿ ಉಳಿದಾಗ, ಎರಡನೆಯ ಸಲ ಚಟ್ನಿ ಕುಟ್ಟಲು ಶೇಂಗಾ ತರಬೇಕಾದಾಗ ಬೇಕಾಗುತ್ತದೆ.