ಸಂಚಾರಿ ದೂರವಾಣಿ ಮತ್ತು ನಮ್ಮ ಆರೋಗ್ಯ

ಸ್ಮರಣ ಸಂಚಿಕೆಗೆ ಹಳೆಯ ನೆನಪುಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದರು. ನೆನಪುಗಳನ್ನು ಬರೆಯಬಲ್ಲವರು ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿದ್ದಾರೆ. ನಾನು ಜೀವಮಾನವೆಲ್ಲ ಮಾಡಿದ್ದು ಪಾಠ; ಇಲ್ಲಿಯೂ ಒಂದು ಪಾಠವನ್ನೇ ಮಾಡುತ್ತೇನೆ. ಅದರಲ್ಲಿ ನನ್ನದೇ ಒಂದು ತಪ್ಪಿನ ತಿದ್ದುಪಡಿಯೂ ಇದೆ.

ಕೆಲವು ವರ್ಷಗಳ ಹಿಂದೆ ಆದೋನಿಯ ನಮ್ಮ ಬೀದಿಯ ಒಂದು ಮಾಳಿಗೆಯ ಮೇಲೆ ಮೊಬೈಲ್ ಟವರು ಎದ್ದಿತು. ಅದರಿಂದ ಕ್ಯಾನ್ಸರ್ ಬರುವುದೆಂದು ಹೆದರಿದ ಹತ್ತಾರು ಮಂದಿ ಒಂದು ರಾತ್ರಿ ನಮ್ಮ ಮನೆಗೆ ಬಂದು, "ಮೇಷ್ಟ್ರೇ, ತಾವೊಂದು ಅರ್ಜಿ ಬರೆದುಕೊಡಬೇಕು" ಎಂದರು. ನಾನು ಕನ್ನಡದಲ್ಲಿ ಬರೆದೆನು. ಕಚೇರಿಗೆ ಸಲ್ಲಿಸಲು ಒಬ್ಬ ಹುಡುಗ ಅದನ್ನು ತೆಲುಗಿಗೆ ತಿರುಗಿಸಿದನು. ಬಂದವರಲ್ಲಿ ಇಬ್ಬರು ಮೂವರ ದವಡೆಯಲ್ಲಿ ಅಡಕೆ, ಹೊಗೆಸೊಪ್ಪು ಇದ್ದವು. ಒಬ್ಬರ ಮೊಮ್ಮಗ ಮೂಲೆಯಲ್ಲಿ ಕುಳಿತು ಫೋನಿನಲ್ಲಿ ಮುಳುಗಿದ್ದನು. ಆಗ ರಾತ್ರಿ ಹತ್ತೂವರೆ ಗಂಟೆ. ಇವೆರಡನ್ನೂ ಕಂಡೆನು, ಆದರೆ ಯೋಚಿಸಲಿಲ್ಲ. ಅರ್ಜಿ ಹೋದ ಮೇಲೆ ವಿಷಯವನ್ನು ಓದತೊಡಗಿದೆನು. ಓದಿ ಬರೆಯಬೇಕಾದುದನ್ನು ಬರೆದು ಓದಿದಂತಾಯಿತು.

ಮೊಬೈಲ್ ಕೆಲಸ ಮಾಡುವುದು ರೇಡಿಯೋ ಅಲೆಗಳಿಂದ. ಇವು ಹೊಸ ಸೃಷ್ಟಿಯಲ್ಲ. ಜಗದೀಶಚಂದ್ರ ಬೋಸರು 1895ರಲ್ಲಿಯೇ ಕಲಕತ್ತೆಯಲ್ಲಿ ಇಂತಹ ಅಲೆಗಳು ಗೋಡೆಯನ್ನು ದಾಟುವುದನ್ನು ಪ್ರದರ್ಶಿಸಿದ್ದರು. ಕ್ಷಕಿರಣದ ಒಂದೊಂದು ಕಣದಲ್ಲಿಯೂ ಜೀವಕೋಶದ ಅಣುಗಳನ್ನು ಒಡೆಯುವಷ್ಟು ಶಕ್ತಿಯಿರುತ್ತದೆ. ಆದುದರಿಂದಲೇ ಕ್ಷಕಿರಣದ ಬಳಿ ಎಚ್ಚರ ಬೇಕು. ರೇಡಿಯೋ ಅಲೆಯ ಕಣದ ಶಕ್ತಿಯಾದರೋ ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಕಣದ ಶಕ್ತಿಗಿಂತ ಲಕ್ಷ ಪಟ್ಟಿಗೂ ಹೆಚ್ಚು ಕಡಿಮೆ. ಅದು ಅಣುವನ್ನು ಒಡೆಯಲಾರದು. ಪ್ರಬಲವಾಗಿದ್ದರೆ ಮೈಯನ್ನು ಸ್ವಲ್ಪ ಬೆಚ್ಚಗೆ ಮಾಡೀತು, ಅಷ್ಟೆ.

ಹಾಗಾದರೆ ಕ್ಯಾನ್ಸರಿನ ಮಾತು ಎಲ್ಲಿಂದ ಬಂದಿತು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2011ರಲ್ಲಿ ಈ ಅಲೆಗಳನ್ನು 'ಕ್ಯಾನ್ಸರ್ ತರಬಹುದೇನೋ' ಎಂಬ ಗುಂಪಿಗೆ ಸೇರಿಸಿತು. ಏಷ್ಯಾದ ಸಾಂಪ್ರದಾಯಿಕ ತರಕಾರಿ ಉಪ್ಪಿನಕಾಯಿಯೂ ಅದೇ ಗುಂಪಿನಲ್ಲಿದೆ. ಖಚಿತವಾಗಿ ಕ್ಯಾನ್ಸರ್ ತರುತ್ತವೆ ಎಂಬ ಮೊದಲನೆಯ ಗುಂಪಿನಲ್ಲಿರುವವು ಹೊಗೆಸೊಪ್ಪು ಮತ್ತು ಅಡಕೆ! ಆ ರಾತ್ರಿ ನಮ್ಮ ಮನೆಗೆ ಬಂದವರ ದವಡೆಗಳು ನನಗೆ ನೆನಪಾದವು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯೇ ಮಾಡಿಸಿದ ಇನ್ನೊಂದು ಪರಿಶೀಲನೆ 2024ರಲ್ಲಿ ಪ್ರಕಟವಾಯಿತು. 63 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಹತ್ತು ವರ್ಷಗಳಿಗೂ ಮಿಗಿಲಾಗಿ ಮೊಬೈಲ್ ಬಳಸಿದವರಲ್ಲಿಯೂ ಮೆದುಳಿನ ಕ್ಯಾನ್ಸರ್ ಹೆಚ್ಚಿದುದು ಕಂಡುಬರಲಿಲ್ಲ.

ಟವರಿನ ವಿಷಯದಲ್ಲಿ ನಮ್ಮ ದೇಶವು 2012ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಭಾಗವನ್ನು ಮಾತ್ರ ಅನುಮತಿಸಿದೆ. ಇನ್ನೊಂದು ಸಂಗತಿಯನ್ನು ನಾನು ಅರ್ಜಿ ಬರೆಯುವಾಗ ಅರಿತಿರಲಿಲ್ಲ. ಹೊಲದ ಆಚೆ ತುದಿಯಲ್ಲಿರುವವನನ್ನು ಕೂಗಬೇಕು, ಪಕ್ಕದಲ್ಲಿರುವವನೊಡನೆ ಮೆಲ್ಲಗೆ ಮಾತನಾಡಿದರೆ ಸಾಕು. ಫೋನೂ ಹಾಗೆಯೇ. ಟವರು ದೂರವಾಗಿ ಸಿಗ್ನಲ್ ಕ್ಷೀಣವಾದಷ್ಟೂ ಕೈಯಲ್ಲಿರುವ ಫೋನು ಹೆಚ್ಚು ಶಕ್ತಿಯಿಂದ ಅಲೆಗಳನ್ನು ಹೊರಡಿಸುತ್ತದೆ, ಅದೂ ಕಿವಿಯ ಬಳಿಯೇ. ಟವರನ್ನು ಊರಾಚೆಗೆ ಕಳುಹಿಸಿ ಫೋನನ್ನು ಕಿವಿಗೊತ್ತಿಕೊಂಡರೆ ಲಾಭವೇನು? ಸಂಶಯವುಳ್ಳವರು ಇಯರ್‌ಫೋನ್ ಬಳಸಲಿ, ಇಲ್ಲವೆ ಸ್ಪೀಕರ್ ಹಾಕಿ ಮಾತನಾಡಲಿ.

ನಿಜವಾದ ಹಾನಿ ಆ ಮೂಲೆಯಲ್ಲಿ ಕುಳಿತಿದ್ದ ಹುಡುಗನದು. ಕತ್ತಲಾದ ಮೇಲೆ ನಮ್ಮ ಮೆದುಳಿನಲ್ಲಿ ಮೆಲಟೋನಿನ್ ಎಂಬ ರಸವು ಸ್ರವಿಸಿ, ದೇಹಕ್ಕೆ ನಿದ್ರೆಯ ವೇಳೆಯಾಯಿತೆಂದು ತಿಳಿಸುತ್ತದೆ. ಕಣ್ಣೆದುರಿಗೆ ಹಿಡಿದ ತೆರೆಯ ನೀಲಿಗಲೆತ ಬೆಳಕು ಅದನ್ನು ತಡೆಯುತ್ತದೆ. ಬೆಳಕಿಗಿಂತಲೂ ಮಿಗಿಲಾಗಿ, ಒಂದು ಮುಗಿಯುವ ಮೊದಲೇ ಇನ್ನೊಂದು ವಿಡಿಯೋ ಬರುವುದರಿಂದ ಮನಸ್ಸು ವಿರಮಿಸುವುದೇ ಇಲ್ಲ. ಪ್ರಾಥಮಿಕ ಶಾಲೆಯ ಮಗುವಿಗೆ ಕನಿಷ್ಠ 9 ಗಂಟೆ, ಪ್ರೌಢಶಾಲೆಯ ಮಗುವಿಗೆ 8 ಗಂಟೆ ನಿದ್ರೆ ಬೇಕು. ಹನ್ನೆರಡಕ್ಕೆ ಮಲಗಿ ಆರಕ್ಕೆ ಎದ್ದ ಹುಡುಗ ಮೊದಲನೆಯ ಪಿರಿಯಡ್ಡಿನಲ್ಲಿಯೇ ತೂಕಡಿಸುತ್ತಾನೆ. ನಾವು ಅವನನ್ನು ದಡ್ಡನೆಂದು ಕರೆಯುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಫೋನಿನ ಗೀಳಿಗೆ ಸಿಕ್ಕವರಿಗಾಗಿಯೇ 2014ರಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆಯಬೇಕಾಯಿತು.

ಕಣ್ಣಿನ ಮಾತೂ ಇದೆ. ತೆರೆಯನ್ನು ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಸದಾ ಹತ್ತಿರದ್ದನ್ನೇ ನೋಡುವ, ಬಯಲಿನ ಬೆಳಕಿಗೆ ಬರದ ಮಕ್ಕಳಿಗೆ ದೂರದೃಷ್ಟಿ ಮಂದವಾಗುತ್ತದೆ. ಇದಕ್ಕಾಗಿ ತೈವಾನ್ ದೇಶವು 2010ರಿಂದ ಶಾಲಾ ಮಕ್ಕಳು ದಿನಕ್ಕೆ 120 ನಿಮಿಷ ಬಯಲಿನಲ್ಲಿರಬೇಕೆಂಬ ಕಾರ್ಯಕ್ರಮವನ್ನು ನಡೆಸಿದೆ. ನಮ್ಮ ಶಾಲೆಯ ಆಟದ ಬಯಲನ್ನು ಉಳಿಸಲು ಹೋರಾಡಿದ ಹಿರಿಯರಿಗೆ ಇದು ತಿಳಿದಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ! ಕುತ್ತಿಗೆಯನ್ನು 60 ಡಿಗ್ರಿ ಬಗ್ಗಿಸಿ ಫೋನು ನೋಡಿದರೆ ಅದರ ಮೇಲೆ ಸುಮಾರು 27 ಕಿಲೋ ಭಾರ ಬೀಳುವುದೆಂದು ಅಮೆರಿಕದ ವೈದ್ಯರೊಬ್ಬರು 2014ರಲ್ಲಿ ಲೆಕ್ಕ ಹಾಕಿದ್ದಾರೆ. ಬೈಕಿನ ಮೇಲೆ ಕಿವಿಗೂ ಹೆಗಲಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಹೋಗುವವರಿಗೆ ಯಾವ ಅಧ್ಯಯನವೂ ಬೇಕಿಲ್ಲ.

ಫೋನನ್ನೇ ಬಿಡಿರೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕೋಸಿಗಿ, ಕೌತಾಳಂ, ಆದೋನಿ ಕಡೆಯ ಹಳ್ಳಿಗಳಿಂದ ಪ್ರತಿ ವರ್ಷ ಎಷ್ಟೋ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುತ್ತವೆ. ಅಜ್ಜಿಯ ಬಳಿ ಉಳಿದ ಮಗುವಿಗೆ ತಾಯಿಯ ದನಿ ಕೇಳಿಸುವುದು ಅದೊಂದರಲ್ಲಿಯೇ. ಆದರೆ ತಾಯಿಯ ಮಾತು ಹತ್ತು ನಿಮಿಷದಲ್ಲಿ ಮುಗಿದು, ಉಳಿದ ಮೂರು ಗಂಟೆ ಫೋನು ಮಗುವಿನ ಕೈಯಲ್ಲಿಯೇ ಉಳಿಯುತ್ತದೆ. ಕಸಿದುಕೊಳ್ಳಲು ಅಜ್ಜಿಗೆ ಮನಸ್ಸು ಬಾರದು. ಅಂತಹ ಒಬ್ಬ ಅಜ್ಜಿಗೆ ನಾನು ಹೇಳಿದ ಉಪಾಯವಿಷ್ಟೆ: "ಅವ್ವ, ಮಾತು ಮುಗಿದ ಕೂಡಲೆ ಫೋನನ್ನು ಚಾರ್ಜಿಗೆ ಹಾಕು. ಚಾರ್ಜರನ್ನು ಮಾತ್ರ ಮಗು ಮಲಗುವ ಕೋಣೆಯಲ್ಲಿ ಇಡಬೇಡ." ಈಗ ಅದು ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಜಾಡಿಯ ಪಕ್ಕದಲ್ಲಿದೆ.